ಮನೆ ಮಾರಲು ಕೊಟ್ಟ ಮೇಲೆ ಏಜೆಂಟ್ ಕೈಗೇ ಸಿಗುತ್ತಿಲ್ಲ, ನಿಮಗೂ ಹೀಗೇ ಆಗಿದೆಯಾ?

ಚರ್ಚೆ ಶುರು ಮಾಡಿದವರು:

ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಅಪ್ಪ ಅಮ್ಮ ಇದ್ದ ಮನೆ ಮಾರಬೇಕಿದೆ. ಮಕ್ಕಳು ಯಾರೂ ಈಗ ಅಲ್ಲಿಲ್ಲ, ಬಂದವರಿಗೆಲ್ಲ ಬಾಗಿಲು ತೆಗೆದು ತೋರಿಸಲು ನಮಗೆ ಆಗುವುದಿಲ್ಲ. ಅದಕ್ಕೇ ಏಜೆಂಟ್ ಒಬ್ಬರಿಗೆ ವಹಿಸಿದೆವು. ಬೇರೆ ಏಜೆಂಟರು ಹೇಳಿದ ಬೆಲೆಗಿಂತ ಇವರು ಹೇಳಿದ್ದು ಜಾಸ್ತಿ ಇತ್ತು. ‘ನನ್ನ ಹತ್ತಿರ ಪಾರ್ಟಿ ರೆಡಿ ಇದೆ, ಈ ವಾರವೇ ಕರೆದುಕೊಂಡು ಬರುತ್ತೇನೆ’ ಎಂದರು. ಆರು ತಿಂಗಳು ಬೇರೆ ಯಾರಿಗೂ ಕೊಡಬಾರದು ಎಂಬ ಷರತ್ತಿನ ಮೇಲೆ ಅಗ್ರಿಮೆಂಟ್ ಆಯಿತು. ಸಹಿ ಬಿದ್ದ ಮೇಲೆ ಆ ರೆಡಿ ಇದ್ದ ಪಾರ್ಟಿಯ ಸುದ್ದಿಯೇ ಇಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೆ ‘ಮಾರ್ಕೆಟ್ ಡಲ್ ಇದೆ, ಬೆಲೆ ಸ್ವಲ್ಪ ಇಳಿಸಿ’ ಅಷ್ಟೇ ಮಾತು.

ಜಾಹೀರಾತಿನ ಫೋಟೋಗಳನ್ನು ನೋಡಿ ಹೊಟ್ಟೆ ಉರಿಯಿತು. ಹಾಲ್‌ನ ಫೋಟೋ ಸಂಜೆ ಹೊತ್ತು ಲೈಟ್ ಹಾಕದೆ ಬಾಗಿಲಲ್ಲೇ ನಿಂತು ತೆಗೆದದ್ದು, ಅರ್ಧ ಫೋಟೋ ಬಾಗಿಲ ಚೌಕಟ್ಟೇ. ಬಚ್ಚಲುಮನೆ ಫೋಟೋದಲ್ಲಿ ಕನ್ನಡಿಯೊಳಗೆ ಏಜೆಂಟರ ಮೊಣಕೈ ಮತ್ತು ಮೊಬೈಲ್ ಕಾಣುತ್ತದೆ. ಹಿತ್ತಲ ಕಡೆ ದೊಡ್ಡ ಕಿಟಕಿ ಇದೆ, ಮನೆಗೆ ಬೆಳಕೆಲ್ಲ ಬರುವುದೇ ಅಲ್ಲಿಂದ, ಅಮ್ಮ ಬೆಳಿಗ್ಗೆ ಕೂರುತ್ತಿದ್ದದ್ದೂ ಅಲ್ಲೇ. ಅದರ ಒಂದು ಫೋಟೋ ಕೂಡ ಇಲ್ಲ. ಮೂರು ರೂಮಿನ ಮನೆಯನ್ನು ಎರಡು ರೂಮು ಎಂದು ಹಾಕಿದ್ದಾರೆ. ಮೂರು ರೂಮು ಬೇಕು ಎಂದು ಹುಡುಕುವವರಿಗೆ ನಮ್ಮ ಮನೆ ಕಾಣುವುದೇ ಇಲ್ಲ ಅಲ್ವಾ? ತಿದ್ದಿ ಎಂದು ಹೇಳಿ ಹೇಳಿ ಸಾಕಾಯಿತು.

ಇದೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ಮೊನ್ನೆ ಪಕ್ಕದ ಮನೆಯವರು ಫೋನ್ ಮಾಡಿ ಒಂದು ವಿಷಯ ಹೇಳಿದರು. ಗಂಡ ಹೆಂಡತಿ ಇಬ್ಬರು ಏಜೆಂಟ್ ಇಲ್ಲದೆ ತಾವೇ ಬಂದು ಗೇಟಿನ ಹತ್ತಿರ ನಿಂತಿದ್ದರಂತೆ. ‘ನಾವು ಇಷ್ಟು ಕೊಡುತ್ತೇವೆ ಎಂದು ಏಜೆಂಟ್‌ಗೆ ಹೇಳಿದ್ದೆವು, ಓನರ್ ಒಪ್ಪಲಿಲ್ಲ ಎಂದರು, ಇನ್ನೊಂದು ಸಲ ಕೇಳಿ ನೋಡೋಣ ಎಂದು ಬಂದೆವು’ ಎಂದರಂತೆ. ಆ ಆಫರ್ ನಮ್ಮ ಕಿವಿಗೆ ಬಿದ್ದೇ ಇಲ್ಲ. ಅದೇ ವಾರ ಏಜೆಂಟ್ ನಮಗೆ ‘ಯಾರೂ ಕೇಳುತ್ತಿಲ್ಲ, ಇಳಿಸಿ’ ಎಂದಿದ್ದರು.

ಏನು ಮಾಡಬೇಕು ಹೇಳಿ. ಅಗ್ರಿಮೆಂಟ್ ಮುರಿಯಬಹುದಾ? ಆ ದಂಪತಿಯ ಜೊತೆ ನೇರವಾಗಿ ಮಾತಾಡಬಹುದಾ?

ಹೋದ ವರ್ಷ ಮನೆ ಮಾರಿದವರು:

ನಿಮ್ಮ ಬೆಲೆ ಕಥೆ ಓದಿದಾಗ ನಮ್ಮದೇ ಕಥೆ ಓದಿದ ಹಾಗಾಯಿತು. ಮೊದಲು ಮೂಗಿಗೆ ತುಪ್ಪ ಸವರುವುದು, ಸಹಿ ಆದ ಮೇಲೆ ದಿನಕ್ಕೊಂದು ಕೆಟ್ಟ ಸುದ್ದಿ ತರುವುದು. ಅವರಿಗೆ ಬೇಕಿದ್ದದ್ದು ನಿಮ್ಮ ಸಹಿ. ಒಂದು ಸಲ ನೀವು ಕಟ್ಟುಬಿದ್ದರೆ ಆಮೇಲೆ ಬೆಲೆ ಇಳಿಸಲು ಅವರಿಗೆ ಆರು ತಿಂಗಳು ಟೈಮ್ ಇದೆ.

ಇದರಲ್ಲಿ ನಷ್ಟ ಎಲ್ಲಿ ಆಗುತ್ತದೆ ಗೊತ್ತಾ? ಮನೆ ಹೊಸದಾಗಿ ಮಾರಾಟಕ್ಕೆ ಬಂದ ಮೊದಲ ವಾರಗಳಲ್ಲೇ ಜನ ಜಾಸ್ತಿ ನೋಡುವುದು. ಎಷ್ಟೋ ದಿನದಿಂದ ಹುಡುಕುತ್ತಿರುವವರು, ದುಡ್ಡು ಹೊಂದಿಸಿಕೊಂಡು ಕೂತವರು, ಹೊಸದು ಬಂತಾ ಎಂದು ಕಾಯುತ್ತಿರುತ್ತಾರೆ. ಆಗ ಬೆಲೆ ಅತಿಯಾಗಿದ್ದರೆ ಅವರು ಒಳಗೇ ಬರುವುದಿಲ್ಲ. ನಾಲ್ಕು ತಿಂಗಳ ಮೇಲೆ ಇಳಿಸಿದರೆ ‘ಇಷ್ಟು ದಿನ ಯಾಕೆ ಹೋಗಿಲ್ಲ, ಏನೋ ತೊಂದರೆ ಇರಬೇಕು’ ಎಂದು ಅನುಮಾನ ಪಡುತ್ತಾರೆ. ಹಾಗಾಗಿ ಕೊನೆಗೆ ಸಿಗುವ ಬೆಲೆ ಮೊದಲೇ ಸರಿಯಾಗಿ ಇಟ್ಟಿದ್ದರೆ ಸಿಗುತ್ತಿದ್ದದ್ದಕ್ಕಿಂತ ಕಡಿಮೆಯೂ ಆಗಬಹುದು.

ಯಾರೇ ಬೆಲೆ ಹೇಳಿದರೂ ‘ಹೇಗೆ ಹೇಳುತ್ತೀರಿ?’ ಎಂದು ಕೇಳಿ. ಸುತ್ತಮುತ್ತ ಇದೇ ಥರದ ಮನೆಗಳು ನಿಜವಾಗಿ ಎಷ್ಟಕ್ಕೆ ಹೋದವು, ಯಾವಾಗ ಹೋದವು ಎಂಬ ಲೆಕ್ಕ ತೋರಿಸಲಿ. ಜಾಹೀರಾತಿನಲ್ಲಿ ಕೇಳುತ್ತಿರುವ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ಯಾರು ಎಷ್ಟು ಬೇಕಾದರೂ ಕೇಳಬಹುದು.

ಅರ್ಥಶಾಸ್ತ್ರ ಕಲಿಸುವವರು:

ನನ್ನ ಕೆಲಸಕ್ಕೆ ಸಂಬಂಧಿಸಿದ ವಿಷಯ, ಅದಕ್ಕೇ ಬರೆಯುತ್ತಿದ್ದೇನೆ.

ಒಬ್ಬ ಏಜೆಂಟ್ ಒಳ್ಳೆಯವರಾ ಕೆಟ್ಟವರಾ ಎನ್ನುವುದಕ್ಕಿಂತ ಮೊದಲು ಕಮಿಷನ್ ಲೆಕ್ಕ ನೋಡಿ. ಮನೆ ಬೆಲೆ 100 ಅಂದುಕೊಳ್ಳಿ, ಕಮಿಷನ್ ಶೇಕಡ 2. ನೂರಕ್ಕೆ ಹೋದರೆ ಅವರಿಗೆ 2 ಸಿಗುತ್ತದೆ. 95ಕ್ಕೆ ಹೋದರೆ 1.9 ಸಿಗುತ್ತದೆ. ನಿಮಗೆ ಸುಮಾರು 5 ಹೋಯಿತು, ಅವರಿಗೆ ಹೋದದ್ದು 0.1. ಆ 0.1ಕ್ಕಾಗಿ ಇನ್ನೊಂದು ತಿಂಗಳು ಓಡಾಡುವುದಕ್ಕಿಂತ ಇವತ್ತೇ 1.9 ತೆಗೆದುಕೊಂಡು ಮುಂದಿನ ಮನೆ ನೋಡುವುದು ಅವರಿಗೆ ಲಾಭ. ಬೇಗ ಮುಗಿಸಬೇಕು ಎಂಬ ಆತುರ ಇಲ್ಲಿಂದ ಬರುತ್ತದೆ.

ಇದು ಬರೀ ಊಹೆ ಅಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಿಕಾಗೋ ಸುತ್ತಲಿನ ಸುಮಾರು ಒಂದು ಲಕ್ಷ ಮನೆ ಮಾರಾಟ ನೋಡಿದರು. ಅದರಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಮನೆಗಳು ಏಜೆಂಟರ ಸ್ವಂತದ್ದು. ಬೇರೆ ಎಲ್ಲ ಒಂದೇ ಥರ ಇದ್ದಾಗಲೂ ಏಜೆಂಟರು ತಮ್ಮ ಸ್ವಂತ ಮನೆಯನ್ನು ಸುಮಾರು 9.5 ದಿನ ಜಾಸ್ತಿ ಕಾದು, ಶೇಕಡ 3.7ರಷ್ಟು ಜಾಸ್ತಿ ಬೆಲೆಗೆ ಮಾರಿದ್ದರು. ನಿಮ್ಮ ಮನೆ ಆದರೆ ‘ಬಂದದ್ದಕ್ಕೆ ಕೊಟ್ಟುಬಿಡಿ’, ತಮ್ಮ ಮನೆ ಆದರೆ ‘ಇನ್ನೂ ಸ್ವಲ್ಪ ಕಾಯೋಣ’.

ಬೆಲೆ ಅಂದಾಜಿನ ಬಗ್ಗೆ ಮೇಲಿನವರು ಬರೆದದ್ದಕ್ಕೂ ಒಂದು ಮಾತು. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಇಬ್ಬರು ಸಂಶೋಧಕರು ಅರಿಜೋನಾದ ಏಜೆಂಟರಿಗೆ ಒಂದೇ ಮನೆ ತೋರಿಸಿ, ‘ಕೇಳುತ್ತಿರುವ ಬೆಲೆ’ ಮಾತ್ರ ಬೇರೆ ಬೇರೆ ಬರೆದುಕೊಟ್ಟರು. ಜಾಸ್ತಿ ಬೆಲೆ ನೋಡಿದವರು ಮನೆಯ ಮೌಲ್ಯವನ್ನೂ ಜಾಸ್ತಿ ಹೇಳಿದರು. ಆ ಬೆಲೆಯಿಂದ ತಮ್ಮ ಅಂದಾಜು ಬದಲಾಯಿತು ಎಂದು ಹೆಚ್ಚಿನವರು ಒಪ್ಪಲಿಲ್ಲ. ಅನುಭವ ಇದೆ ಎಂದ ಮಾತ್ರಕ್ಕೆ ಅಂದಾಜು ಸರಿ ಇರುತ್ತದೆ ಎಂದೇನಿಲ್ಲ.

ಹಿಂದೆ ಏಜೆಂಟ್ ಕೆಲಸ ಮಾಡಿದವರು:

ಈ ಕೆಲಸದಲ್ಲಿ ಬಹಳ ವರ್ಷ ಇದ್ದೆ. ಈಗ ಬಿಟ್ಟಿದ್ದೇನೆ. ಎರಡೂ ಕಡೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮನೆ ಹೋಗುವ ತನಕ ಏಜೆಂಟ್‌ಗೆ ಒಂದು ಪೈಸೆ ಬರುವುದಿಲ್ಲ. ಹತ್ತು ಮನೆ ತೋರಿಸಿದರೆ ಎಷ್ಟು ಹೋಗುತ್ತವೆ ಎಂಬ ಖಾತ್ರಿ ಇಲ್ಲ. ಪೆಟ್ರೋಲ್, ಜಾಹೀರಾತು ಎಲ್ಲ ಕೈಯಿಂದ. ಅದಕ್ಕೇ ತುಂಬಾ ಜನ ಕೈಗೆ ಸಿಕ್ಕಷ್ಟು ಮನೆ ಒಪ್ಪಿಕೊಳ್ಳುತ್ತಾರೆ, ಬೇಗ ಹೋಗುವ ಮನೆ ಹಿಂದೆ ಓಡುತ್ತಾರೆ, ಉಳಿದದ್ದು ಮೂಲೆಗೆ ಬೀಳುತ್ತದೆ. ಇದು ಕಾರಣ ಮಾತ್ರ, ಸಮರ್ಥನೆ ಅಲ್ಲ. ನೋಡಿಕೊಳ್ಳಲು ಆಗದಿದ್ದರೆ ಒಪ್ಪಿಕೊಳ್ಳಬಾರದು.

ಮನೆ ನೋಡಿ ಹೋದವರು ಏನು ಹೇಳಿದರು ಎಂದು ಮಾಲೀಕರಿಗೆ ಹೇಳದೆ ಇರುವುದಕ್ಕೆ ಯಾವ ನೆಪವೂ ಇಲ್ಲ. ಜೊತೆಗೆ ನಡೆದುಕೊಂಡು ಹೋದರೆ ಸಾಕು, ಎಲ್ಲ ಗೊತ್ತಾಗುತ್ತದೆ. ಸುಮ್ನೆ ನೋಡಲು ಬಂದವರು ರೂಮಿನ ಬಾಗಿಲಲ್ಲೇ ನಿಂತು ಇಣುಕಿ ‘ಚೆನ್ನಾಗಿದೆ’ ಎಂದು ಹೊರಡುತ್ತಾರೆ. ನಿಜವಾಗಿ ಕೊಳ್ಳುವವರು ನಲ್ಲಿ ತಿರುಗಿಸಿ ನೀರಿನ ರಭಸ ನೋಡುತ್ತಾರೆ, ಕಪಾಟು ತೆಗೆದು ಒಳಗೆ ಕೈ ಹಾಕಿ ತೇವ ಇದೆಯಾ ಮುಟ್ಟಿ ನೋಡುತ್ತಾರೆ, ಮಂಚ ಈ ಗೋಡೆಗೆ ಹಿಡಿಯುತ್ತದಾ ಎಂದು ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ, ಕೊನೆಗೆ ಮತ್ತೆ ಅಡುಗೆಮನೆಗೆ ಹೋಗುತ್ತಾರೆ. ಆ ಎರಡನೇ ಸಲದ ಅಡುಗೆಮನೆ ನನಗೆ ದೊಡ್ಡ ಸೂಚನೆ. ಗೇಟಿನಲ್ಲಿ ನಿಂತು ಫೋನಿನಲ್ಲಿ ಮಾತಾಡುವ ಏಜೆಂಟ್‌ಗೆ ಇದು ಯಾವುದೂ ಕಾಣುವುದಿಲ್ಲ, ಹಾಗಾಗಿ ನಿಮಗೆ ಹೇಳಲು ಅವರ ಹತ್ತಿರ ಏನೂ ಇರುವುದಿಲ್ಲ.

ಇನ್ನು ಆಫರ್ ಮುಚ್ಚಿಟ್ಟ ವಿಷಯ. ಆ ದಂಪತಿ ಬೇರೆ ಏಜೆಂಟ್ ಮೂಲಕ ಬಂದಿದ್ದಾರಾ ವಿಚಾರಿಸಿ. ಹಾಗಿದ್ದರೆ ಕಮಿಷನ್ ಹಂಚಬೇಕಾಗುತ್ತದೆ. ತಮ್ಮದೇ ಪಾರ್ಟಿ ಬಂದರೆ ಪೂರ್ತಿ ತಮಗೇ, ಕೆಲವು ಕಡೆ ಕೊಳ್ಳುವವರಿಂದಲೂ ಸಿಗುತ್ತದೆ. ಹೊರಗಿನ ಆಫರನ್ನು ಅದುಮಿಟ್ಟು ಮಾಲೀಕರನ್ನು ಸುಸ್ತು ಮಾಡಿ, ಆಮೇಲೆ ತಮ್ಮ ಪಾರ್ಟಿಯನ್ನು ಕಡಿಮೆ ಬೆಲೆಗೆ ತರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಿಮ್ಮದು ಅದೇ ಎಂದು ಹೇಳುತ್ತಿಲ್ಲ. ಕೇಳಿ ತಿಳಿದುಕೊಳ್ಳಿ.

ಮನೆ ಹುಡುಕುತ್ತಿರುವವರು:

ಕೊಳ್ಳುವವರ ಕಡೆಯಿಂದಲೂ ಒಂದು ಮಾತು. ನಮಗೂ ಇದೇ ಗೋಳು. ಆಫರ್ ಕೊಟ್ಟ ಮೇಲೆ ಅದು ಓನರ್‌ಗೆ ಮುಟ್ಟಿತಾ ಇಲ್ಲವಾ ಎಂದು ತಿಳಿಯುವುದೇ ಇಲ್ಲ. ‘ಇನ್ನೊಂದು ಪಾರ್ಟಿ ನಿಮಗಿಂತ ಜಾಸ್ತಿ ಹೇಳಿದ್ದಾರೆ, ಇವತ್ತೇ ಹೇಳಿ’ ಎಂದು ಒತ್ತಡ ಹಾಕುತ್ತಾರೆ. ಆ ಪಾರ್ಟಿ ನಿಜವಾಗಿ ಇದ್ದಾರಾ ಎಂದು ನಾವು ಹೇಗೆ ನಂಬುವುದು? ಎರಡು ತಿಂಗಳಾದ ಮೇಲೂ ಅದೇ ಮನೆ ಮಾರಾಟಕ್ಕೆ ಇರುತ್ತದೆ.

ಈಗ ನಾನು ಆಫರನ್ನು ಬರವಣಿಗೆಯಲ್ಲೇ ಕೊಡುತ್ತೇನೆ, ‘ದಯವಿಟ್ಟು ಇದನ್ನು ಮಾಲೀಕರಿಗೆ ತೋರಿಸಿ’ ಎಂದು ಮೇಲೆಯೇ ಬರೆಯುತ್ತೇನೆ. ಮಾರುವವರು ಕೂಡ ಏಜೆಂಟ್‌ಗೆ ‘ಯಾವ ಆಫರ್ ಬಂದರೂ, ಎಷ್ಟು ಕಡಿಮೆ ಇದ್ದರೂ, ಮೆಸೇಜ್‌ನಲ್ಲಿ ಕಳಿಸಿ’ ಎಂದು ಮೊದಲೇ ಹೇಳಿದರೆ ನಮ್ಮಂಥವರಿಗೂ ಉಪಕಾರ ಆಗುತ್ತದೆ.

ಆಸ್ತಿ ವ್ಯವಹಾರ ನೋಡುವ ವಕೀಲರು:

ಕೇಳಿದ ಪ್ರಶ್ನೆಗೆ ಬರುತ್ತೇನೆ. ಮೊದಲು ನಿಮ್ಮ ಅಗ್ರಿಮೆಂಟ್ ತೆಗೆದು ಓದಿ. ‘ಬೇರೆ ಏಜೆಂಟ್‌ಗೆ ಕೊಡಬಾರದು’ ಎಂದಷ್ಟೇ ಇದೆಯಾ, ಅಥವಾ ‘ಅವಧಿಯಲ್ಲಿ ಯಾರೇ ಕೊಂಡರೂ ಕಮಿಷನ್ ಕೊಡಬೇಕು’ ಎಂದಿದೆಯಾ? ಎರಡೂ ಒಂದೇ ಥರ ಕಾಣುತ್ತವೆ, ಆದರೆ ಬಹಳ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ನೀವೇ ಸ್ವಂತವಾಗಿ ಹುಡುಕಿದ ಗಿರಾಕಿಗೆ ಮಾರಿದರೆ ಸಾಮಾನ್ಯವಾಗಿ ಕಮಿಷನ್ ಇಲ್ಲ. ಎರಡನೆಯದರಲ್ಲಿ ನಿಮ್ಮ ಅಣ್ಣನಿಗೇ ಮಾರಿದರೂ ಕೊಡಬೇಕಾಗಬಹುದು.

ಇನ್ನೊಂದು ಷರತ್ತು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅವಧಿ ಮುಗಿದ ಮೇಲೂ ಇಂತಿಷ್ಟು ತಿಂಗಳು, ಏಜೆಂಟ್ ತೋರಿಸಿದ ಯಾರೇ ಕೊಂಡರೂ ಕಮಿಷನ್ ಅವರದ್ದೇ ಎಂದು. ಆ ದಂಪತಿ ಮನೆ ನೋಡಿದ್ದು ಈ ಏಜೆಂಟ್ ಮೂಲಕ ತಾನೇ? ಹಾಗಾದರೆ ಅವರ ಜೊತೆ ಗುಟ್ಟಾಗಿ ವ್ಯಾಪಾರ ಮಾಡಲು ಹೋಗಬೇಡಿ. ಕಮಿಷನ್ ತಪ್ಪುವುದಿಲ್ಲ, ಮೇಲೆ ತಕರಾರು ಬೇರೆ. ಮಾತಾಡುವುದೇ ತಪ್ಪು ಎಂದಲ್ಲ, ಅವರು ಎಷ್ಟು ಹೇಳಿದ್ದರು, ಯಾವಾಗ ಹೇಳಿದ್ದರು ಎಂದು ಕೇಳಿ ತಿಳಿದುಕೊಳ್ಳಬಹುದು.

ಆಫರ್ ಮುಚ್ಚಿಡುವುದು ಸಣ್ಣ ವಿಷಯ ಅಲ್ಲ. ನಿಮ್ಮ ಪರವಾಗಿ ಕೆಲಸ ಮಾಡುವವರು ನಿಮಗೆ ಬಂದ ಸುದ್ದಿಯನ್ನು ನಿಮಗೇ ಹೇಳದಿರುವುದು ನಂಬಿಕೆಯ ಪ್ರಶ್ನೆ. ಬ್ರಿಟನ್ನಿನಲ್ಲಿ 1979ರ ಎಸ್ಟೇಟ್ ಏಜೆಂಟ್ಸ್ ಕಾಯ್ದೆಯ ಅಡಿ 1991ರಲ್ಲಿ ಬಂದ ಆದೇಶದ ಪ್ರಕಾರ, ಏಜೆಂಟ್ ಆಫರ್‌ಗಳನ್ನು ತಡಮಾಡದೆ ಬರವಣಿಗೆಯಲ್ಲಿ ಮಾಲೀಕರಿಗೆ ತಿಳಿಸಬೇಕಿತ್ತು. ಭಾರತದಲ್ಲಿ 2016ರ ರೇರಾ ಕಾಯ್ದೆ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಏಜೆಂಟರ ನೋಂದಣಿ ಕಡ್ಡಾಯ ಮಾಡಿದೆ, ಆದರೆ ಅದು ರೇರಾದಲ್ಲಿ ನೋಂದಣಿಯಾದ ಯೋಜನೆಗಳ ಮಾರಾಟಕ್ಕೆ. ಬಿಡಿಯಾಗಿ ಮಾರುವ ಹಳೆಯ ಮನೆಗೆ ಅದನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ. ಆದ್ದರಿಂದ ನೀವು ಎಲ್ಲೇ ಇರಿ, ನಿಮಗೆ ಮೊದಲ ಆಸರೆ ನಿಮ್ಮ ಅಗ್ರಿಮೆಂಟ್. ಏನು ಮಾಡುತ್ತೇವೆ ಎಂದು ಅವರು ಒಪ್ಪಿದ್ದರು, ಏನು ಮಾಡಲಿಲ್ಲ ಎಂದು ದಿನಾಂಕದ ಸಮೇತ ಬರೆದು ಕಳಿಸಿ. ತಪ್ಪಾದ ರೂಮಿನ ಸಂಖ್ಯೆ, ಫೋಟೋ, ಹೇಳದ ಆಫರ್, ಎಲ್ಲವನ್ನೂ ಬರೆಯಿರಿ. ಫೋನ್‌ನಲ್ಲಿ ಜಗಳ ಆಡಬೇಡಿ, ಅದಕ್ಕೆ ದಾಖಲೆ ಇರುವುದಿಲ್ಲ.

ಇನ್ನೊಬ್ಬರು:

ಇಷ್ಟೆಲ್ಲ ಯಾಕೆ? ಏಜೆಂಟ್ ಸಹವಾಸವೇ ಬೇಡ. ನೀವೇ ಜಾಹೀರಾತು ಹಾಕಿ ಮಾರಿ. ಕಮಿಷನ್ನೂ ಉಳಿಯುತ್ತದೆ.

ಅರ್ಥಶಾಸ್ತ್ರ ಕಲಿಸುವವರು:

ಕೆಲವರಿಗೆ ಅದು ಸರಿಯೇ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಮಾಲೀಕರೇ ಮಾರಿದ ಮನೆಗಳನ್ನೂ ಏಜೆಂಟ್ ಮೂಲಕ ಹೋದ ಮನೆಗಳನ್ನೂ ಹೋಲಿಸಿದ ಒಂದು ಅಧ್ಯಯನ 2009ರಲ್ಲಿ ಬಂತು. ಏಜೆಂಟ್ ಇದ್ದರೆ ಜಾಸ್ತಿ ಬೆಲೆ ಸಿಗುತ್ತದೆ ಎಂದು ಅದರಲ್ಲಿ ಕಾಣಲಿಲ್ಲ. ಆದರೆ ಏಜೆಂಟ್ ಮೂಲಕ ಮನೆ ಬೇಗ ಹೋಗುತ್ತಿತ್ತು. ಅಂದರೆ ನೀವು ಕೊಡುವ ಕಮಿಷನ್ ಬಹುಪಾಲು ಸಮಯಕ್ಕೆ ಮತ್ತು ಓಡಾಟ ತಪ್ಪಿದ್ದಕ್ಕೆ. ಚರ್ಚೆ ಶುರು ಮಾಡಿದವರು ದೂರ ಇದ್ದಾರೆ, ಬಾಗಿಲು ತೆಗೆಯಲು ಯಾರೂ ಇಲ್ಲ. ಅವರಿಗೆ ಸ್ವಂತ ಮಾರಾಟ ಕಷ್ಟ.

ಮಾರುವವರ ಕಡೆಯದೂ ಒಂದು ವಿಷಯ ಇದೆ. ಬಾಸ್ಟನ್ನಿನ ಫ್ಲಾಟ್ ಮಾರಾಟಗಳನ್ನು ನೋಡಿದ ಜೆನೆಸೋವ್ ಮತ್ತು ಮೇಯರ್ 2001ರಲ್ಲಿ ತೋರಿಸಿದ್ದು ಇದು: ತಾವು ಕೊಂಡದ್ದಕ್ಕಿಂತ ಕಡಿಮೆಗೆ ಮಾರಬೇಕಾದವರು ಬೆಲೆ ಜಾಸ್ತಿ ಇಡುತ್ತಾರೆ, ಅವರ ಮನೆ ಜಾಸ್ತಿ ದಿನ ಹಾಗೇ ಉಳಿಯುತ್ತದೆ. ಏಜೆಂಟ್ ‘ಇಳಿಸಿ’ ಎಂದಾಗೆಲ್ಲ ಅದು ಮೋಸ ಎಂದು ತಿಳಿಯಬೇಕಿಲ್ಲ. ಕಾರಣ ಕೇಳಿ, ಲೆಕ್ಕ ಕೇಳಿ. ಲೆಕ್ಕ ಇದ್ದರೆ ಯೋಚನೆ ಮಾಡಿ.

ಚರ್ಚೆ ಶುರು ಮಾಡಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ವಕೀಲರು ಹೇಳಿದ ಹಾಗೇ ಪತ್ರ ಬರೆದು ಕಳಿಸಿದೆ. ಇಲ್ಲಿಯ ತನಕ ಮನೆ ನೋಡಿದವರ ಪಟ್ಟಿ, ಬಂದ ಆಫರ್‌ಗಳು, ಜಾಹೀರಾತು ತಿದ್ದುವ ದಿನಾಂಕ, ಇಷ್ಟನ್ನೇ ಕೇಳಿದೆ. ಇಷ್ಟು ದಿನ ಫೋನ್ ಎತ್ತದವರು ಪತ್ರ ತಲುಪಿದ ದಿನವೇ ಫೋನ್ ಮಾಡಿದರು. ಬರವಣಿಗೆಯಲ್ಲೇ ಉತ್ತರ ಕೊಡಿ ಎಂದೆ. ರೂಮಿನ ಸಂಖ್ಯೆ ಸರಿ ಆಯಿತು. ಪಟ್ಟಿಯೂ ಬಂತು, ಅದರಲ್ಲಿ ಆ ದಂಪತಿ ಇದ್ದಾರೆ, ಅವರ ಆಫರ್ ಕೂಡ ಇದೆ. ಬೇರೆ ಏಜೆಂಟ್ ಮೂಲಕ ಬಂದವರಲ್ಲ. ‘ಅವರ ಬ್ಯಾಂಕ್ ಸಾಲ ಇನ್ನೂ ಮಂಜೂರಾಗಿರಲಿಲ್ಲ, ಅದಕ್ಕೇ ನಿಮಗೆ ಹೇಳಲಿಲ್ಲ’ ಎಂದು ಬರೆದಿದ್ದಾರೆ. ಇದು ಒಪ್ಪುವ ಕಾರಣವಾ?

ಹಿಂದೆ ಏಜೆಂಟ್ ಕೆಲಸ ಮಾಡಿದವರು:

ಅಲ್ಲ. ಸಾಲ ಮಂಜೂರಾಗಿಲ್ಲ ಎನ್ನುವುದು ಆಫರ್ ಜೊತೆ ನಿಮಗೆ ಹೇಳಬೇಕಾದ ಮಾಹಿತಿ. ಕಾಯಬೇಕಾ ಬೇಡವಾ ಎಂದು ತೀರ್ಮಾನ ಮಾಡುವುದು ನೀವು. ಅದೂ ಅಲ್ಲದೆ ಅವರು ಆ ದಂಪತಿಗೆ ಹೇಳಿದ್ದು ‘ಓನರ್ ಒಪ್ಪಲಿಲ್ಲ’ ಎಂದು. ನಿಮಗೆ ಒಂದು ಕಾರಣ, ಅವರಿಗೆ ಇನ್ನೊಂದು ಕಾರಣ. ಈ ಮಾತನ್ನು ಪತ್ರದಲ್ಲೇ ಕೇಳಿ.

ಆ ದಂಪತಿಯ ಸಾಲ ಈಗ ಯಾವ ಹಂತದಲ್ಲಿದೆ ಎಂದೂ ಕೇಳಿ. ಸಿಟ್ಟಿನಲ್ಲಿ ಒಳ್ಳೆಯ ಗಿರಾಕಿ ಕೈಬಿಟ್ಟು ಹೋಗಬಾರದು. ಎರಡನೇ ಸಲ ತಾವಾಗಿಯೇ ಗೇಟಿನ ತನಕ ಬಂದವರಿಗೆ ಆ ಮನೆ ನಿಜವಾಗಿ ಬೇಕಾಗಿದೆ.

ಚರ್ಚೆ ಶುರು ಮಾಡಿದವರು:

ಸರಿ, ಕೇಳುತ್ತೇನೆ. ಅವರ ಬೆಲೆ ನಾವು ಕೇಳಿದ್ದಕ್ಕಿಂತ ಕಡಿಮೆ, ಆದರೆ ಮೊದಲು ಬೇರೆ ಏಜೆಂಟರು ಹೇಳಿದ ಅಂದಾಜಿಗೆ ಹತ್ತಿರವೇ ಇದೆ. ಅಣ್ಣ ತಂಗಿ ಎಲ್ಲ ಸೇರಿ ಮಾತಾಡಬೇಕು.

ಒಂದು ಕೊನೆಯ ಪ್ರಶ್ನೆ. ಇದು ಕುದುರದಿದ್ದರೆ ಅವಧಿ ಮುಗಿದ ಮೇಲೆ ಬೇರೆಯವರಿಗೆ ಕೊಡುತ್ತೇವೆ. ಆಗ ಹಳೆಯ ಏಜೆಂಟ್ ಬಂದು ‘ಇವರನ್ನು ತೋರಿಸಿದ್ದು ನಾನೇ’ ಎಂದರೆ? ಎರಡು ಕಡೆ ಕಮಿಷನ್ ಕೊಡಬೇಕಾ?

ಆಸ್ತಿ ವ್ಯವಹಾರ ನೋಡುವ ವಕೀಲರು:

ಅದಕ್ಕೆ ಈಗ ಬಂದಿರುವ ಪಟ್ಟಿಯೇ ಸಾಕು, ಜೋಪಾನವಾಗಿ ಇಡಿ. ಅವಧಿ ಮುಗಿಯುವ ದಿನ ‘ಅಂತಿಮ ಪಟ್ಟಿ ಕೊಡಿ, ಇದರಲ್ಲಿ ಇಲ್ಲದವರ ಮೇಲೆ ನಿಮ್ಮ ಹಕ್ಕಿಲ್ಲ’ ಎಂದು ಬರೆದು ಅವರ ಒಪ್ಪಿಗೆ ತೆಗೆದುಕೊಳ್ಳಿ. ಬೀಗದ ಕೈ ವಾಪಸ್ ಪಡೆದು ಅದಕ್ಕೂ ಸಹಿ ಹಾಕಿಸಿ. ಹೊಸ ಏಜೆಂಟ್‌ಗೆ ಆ ಪಟ್ಟಿಯ ಪ್ರತಿ ಮೊದಲೇ ಕೊಟ್ಟು, ‘ಈ ಹೆಸರಿನವರು ಕೊಂಡರೆ ನಿಮಗೆ ಕಮಿಷನ್ ಇಲ್ಲ’ ಎಂದು ಹೊಸ ಅಗ್ರಿಮೆಂಟ್‌ನಲ್ಲಿ ಸೇರಿಸಿ. ಅವಧಿ ಎರಡು ಮೂರು ತಿಂಗಳಿಗಿಂತ ಜಾಸ್ತಿ ಬೇಡ. ಕೆಲಸ ಮಾಡದಿದ್ದರೆ ಎರಡು ವಾರದ ನೋಟಿಸ್ ಕೊಟ್ಟು ಬಿಡಬಹುದು ಎಂಬ ಸಾಲೂ ಇರಲಿ. ಅದನ್ನು ಹಾಕಲು ಒಪ್ಪದವರಿಗೆ ಮನೆ ಕೊಡಬೇಡಿ.